ಕಟ್ಟೆ ಮುಂದೆ ಬಂದಾಗ ಜೋರು

ನಮ್ಮ ಮನೆ ಹತ್ತಿರ ಒಂದು ಮೈದಾನ ಇದೆ. ವಿಜಯಪುರದಲ್ಲಿ ಇಂಥವು ಬೇಕಾದಷ್ಟಿವೆ. ಒಂದು ಗೇಟು, ಗೇಟಿನ ಪಕ್ಕ ಸಿಮೆಂಟಿನ ಕಟ್ಟೆ, ಆಚೆ ತುದಿಗೆ ಬೇವಿನ ಗಿಡಗಳು, ಸುತ್ತ ಜನ ತುಳಿದು ತುಳಿದು ಆದ ಮಣ್ಣಿನ ದಾರಿ. ಬೆಳಗ್ಗೆ ಐದೂವರೆಗೆ ಹೋದರೆ ಕಟ್ಟೆ ಮೇಲೆ ಆಗಲೇ ನಾಲ್ಕೈದು ಜನ ನಿವೃತ್ತರು ಕೂತಿರುತ್ತಾರೆ. ಅಲ್ಲಿ ನಾನು ಬಹಳ ದಿನದಿಂದ ಒಂದು ವಿಷಯ ನೋಡುತ್ತಾ ಬಂದಿದ್ದೇನೆ. ಹೊಸದಾಗಿ ಓಡಲು ಬರುವ ದಪ್ಪ ಮೈಯವರು, ಅಂದರೆ ನನ್ನಂಥವರು, ಬೇವಿನ ಗಿಡಗಳ ಕಡೆ ನಡೆಯುತ್ತಾರೆ. ಕಟ್ಟೆ ಹತ್ತಿರ ಬಂದ ಕೂಡಲೇ ಓಡುತ್ತಾರೆ. ಅದೂ ಸುಮ್ನೆ ಅಲ್ಲ, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಎದೆ ಉಬ್ಬಿಸಿ. ಕಟ್ಟೆ ದಾಟಿ ಎರಡು ಕಂಬ ಹೋದ ಮೇಲೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಎರಡು ವಾರ, ಹೆಚ್ಚೆಂದರೆ ಮೂರು ವಾರ ಹೀಗೆ ನಡೆಯುತ್ತದೆ. ಆಮೇಲೆ ಅವರು ಕಾಣುವುದಿಲ್ಲ.

ಎಲ್ಲಿ ಹೋದರು ಅಂತ ಕೇಳಿದರೆ ಉತ್ತರ ಒಂದೇ. ಮೊಣಕಾಲು ನೋವು, ಇಲ್ಲಾ ಹಿಮ್ಮಡಿ ನೋವು. ಕಟ್ಟೆ ಮೇಲಿನವರು ತಲೆ ಅಲ್ಲಾಡಿಸುತ್ತಾರೆ. ‘ಹೇಳಿದ್ವಿ ನಾವು, ಅಷ್ಟ್ ಮೈ ಇಟ್ಕೊಂಡು ಓಡಬಾರದು ಅಂತ.’

ನನಗೆ ಅನಿಸುವುದೇ ಬೇರೆ. ಆ ಮೈ ಮೊದಲನೇ ದಿನವೇ ಓಡಿದ್ದು ಹೌದು. ಆದರೆ ಅದು ಅಷ್ಟು ಜೋರಾಗಿ ಓಡಿದ್ದು ಯಾರಿಗೋಸ್ಕರ? ಕಟ್ಟೆ ಇಲ್ಲದಿದ್ದರೆ ಓಡುತ್ತಿತ್ತಾ?

ಮೊದಲು ತೂಕ ಇಳಿಸ್ರಿ

ನಾನು ಓಡಲು ಶುರು ಮಾಡಿದಾಗ ತೂಕ ನೂರರ ಹತ್ತಿರ ಇತ್ತು. ವಯಸ್ಸು ನಲವತ್ತು ದಾಟಿತ್ತು. ಎಲ್ಲರೂ ಹೇಳಿದ ಮಾತು ಒಂದೇ: ‘ಮದ್ಲ ತೂಕ ಇಳಸ್ರಿ ಅಕ್ಕಾರ, ಆಮ್ಯಾಲ ಓಡ್ರಿ. ಇಲ್ಲಾಂದ್ರ ಮೊಣಕಾಲ್ ಹೋಗ್ತಾವು.’ ಓಣಿಯಲ್ಲಿ ಹೇಳಿದರು, ಆಫೀಸಲ್ಲಿ ಹೇಳಿದರು, ಗಾಂಧಿ ಚೌಕದಲ್ಲಿ ಶೂ ತೋರಿಸುತ್ತಿದ್ದ ಹುಡುಗನೂ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ. ಈ ಮಾತನ್ನು ನಾನು ಪೂರ್ತಿ ತಳ್ಳಿ ಹಾಕುವುದಿಲ್ಲ. ಇದರಲ್ಲಿ ನಿಜ ಇದೆ.

ನಡೆಯುವಾಗ ಒಂದು ಕಾಲು ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿ. ಆಮೇಲೆ ಇಡೀ ಮೈ ಒಂದೇ ಕಾಲಿನ ಮೇಲೆ ಬಂದು ಇಳಿಯುತ್ತದೆ. ಆಗ ನೆಲದಿಂದ ಕಾಲಿಗೆ ಬರುವ ಬಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು. 95 ಕಿಲೋದವರಿಗೆ ಲೆಕ್ಕ ಹಾಕಿ ನೋಡಿ. ತೂಕ ಇಳಿಸಿದರೆ ಮೊಣಕಾಲಿಗೆ ಆರಾಮ ಅನ್ನುವುದಕ್ಕೂ ಪುರಾವೆ ಇದೆ. ಮೊಣಕಾಲು ಸವೆದಿದ್ದ, ತೂಕ ಜಾಸ್ತಿ ಇದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ ಅಂತ ಕಂಡಿತು. ಹಾಗಾಗಿ ಕಟ್ಟೆ ಮೇಲಿನವರು ಸುಳ್ಳು ಹೇಳುತ್ತಿಲ್ಲ.

ಆದರೆ ಅವರು ಅಲ್ಲಿಗೇ ನಿಲ್ಲುತ್ತಾರೆ. ಡೆನ್ಮಾರ್ಕಿನವರು ಹೊಸದಾಗಿ ಓಡಲು ಶುರು ಮಾಡಿದವರನ್ನು ಗಮನಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 30 ದಾಟಿದವರಲ್ಲಿ, ಮೊದಲನೇ ವಾರದಲ್ಲಿ ಮೂರು ಕಿಲೋಮೀಟರಿಗಿಂತ ಜಾಸ್ತಿ ಓಡಿದವರಿಗೆ ಗಾಯದ ಸಾಧ್ಯತೆ ಹೆಚ್ಚು ಕಂಡಿತು. ಗಮನಿಸಿ, ದಿನಕ್ಕೆ ಅಲ್ಲ, ಇಡೀ ವಾರಕ್ಕೆ ಮೂರು ಕಿಲೋಮೀಟರ್. ನಮ್ಮ ಮೈದಾನಕ್ಕೆ ಬರುವವರು ಅದನ್ನು ಮೊದಲನೇ ದಿನವೇ ಮುಗಿಸಿ ಬಿಡುತ್ತಾರೆ! ಅಂದರೆ ದಪ್ಪಗಿದ್ದೀವಿ ಅನ್ನುವುದೊಂದೇ ಲೆಕ್ಕಕ್ಕೆ ಬರುವುದಿಲ್ಲ, ಎಷ್ಟು ಅವಸರ ಮಾಡಿದೆವು ಅನ್ನುವುದೂ ಬರುತ್ತದೆ. ತೂಕ ಒಂದು ವಾರದಲ್ಲಿ ಇಳಿಯುವುದಿಲ್ಲ. ಅವಸರವನ್ನು ಇವತ್ತೇ ಬಿಡಬಹುದು.

ಇನ್ನೊಂದು ಮಾತು. ಹವ್ಯಾಸಕ್ಕೆ ಓಡುವವರ ಮೊಣಕಾಲು ಓಡದವರಿಗಿಂತ ಬೇಗ ಸವೆಯುತ್ತದೆ ಅನ್ನುವುದಕ್ಕೆ ಇಷ್ಟು ವರ್ಷದ ಸಂಶೋಧನೆಯಲ್ಲಿ ಆಧಾರ ಸಿಕ್ಕಿಲ್ಲ. ಕೂತಲ್ಲೇ ಕೂತು ದಪ್ಪಗಾಗುವುದು ಮೊಣಕಾಲಿಗೆ ಒಳ್ಳೆಯದಲ್ಲ ಅನ್ನುವುದಕ್ಕೆ ಮಾತ್ರ ಧಾರಾಳವಾಗಿ ಸಿಕ್ಕಿದೆ. ಆದರೂ ಸೋಫಾ ಮೇಲೆ ಕೂತವರಿಗೆ ‘ಮೊಣಕಾಲ್ ಹೋಗ್ತಾವು’ ಅಂತ ಯಾರೂ ಹೇಳುವುದಿಲ್ಲ.

ನಮಗೆ ಗೊತ್ತಿರುವ ಒಂದೇ ಓಟ

ಕಟ್ಟೆ ಮುಂದೆ ಹೀಗೆ ಜೋರಾಗಿ ಓಡುವುದು ಬರೀ ನಾಚಿಕೆಯ ವಿಷಯವೂ ಅಲ್ಲ. ನಮ್ಮ ಕಡೆ ಓಟ ಅಂದರೆ ಕಣ್ಣಿಗೆ ಬೀಳುವುದು ಭರ್ತಿಯ ಓಟ. ಬೆಳಗಿನ ಜಾವ ಹುಡುಗರು ಬರುತ್ತಾರೆ, ಪೊಲೀಸ್ ಭರ್ತಿಗೆ, ಮಿಲಿಟರಿ ಭರ್ತಿಗೆ. ಒಬ್ಬ ಮೊಬೈಲ್ ಹಿಡಿದು ಟೈಮ್ ನೋಡುತ್ತಾನೆ, ಉಳಿದವರು ಬಾಣದ ಹಾಗೆ ಹೋಗುತ್ತಾರೆ. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಆ ಹುಡುಗರು ಪ್ರಾಣ ಬಿಟ್ಟು ಓಡುವುದಕ್ಕೆ ಕಾರಣ ಇದೆ, ಮನೆಗೊಂದು ನೌಕರಿ ಬೇಕು. ಇತ್ತ ಸೋಲಾಪುರ ರಸ್ತೆಗೆ ಹೋದರೆ ಸೈಕಲ್ ಹುಡುಗ ಹುಡುಗಿಯರು. ವಿಜಯಪುರ, ಬಾಗಲಕೋಟೆ ಅಂದರೆ ಸೈಕ್ಲಿಸ್ಟ್‌ಗಳ ನಾಡು ಅಂತ ರಾಜ್ಯಕ್ಕೇ ಗೊತ್ತು. ಅವರೂ ಬಿಲ್ಲಿನ ಹಾಗೆ ಬಾಗಿ ಹೋಗುತ್ತಿರುತ್ತಾರೆ. ಇವರ ನಡುವೆ ನಲವತ್ತು ದಾಟಿದ ದಪ್ಪ ಹೆಂಗಸೊಬ್ಬಳು ನಡಿಗೆಗಿಂತ ಒಂಚೂರು ಜೋರಾಗಿ ಓಡಿದರೆ ಅದು ಓಟ ಅಂತ ಯಾರಿಗೂ ಅನಿಸುವುದಿಲ್ಲ. ಅವಳಿಗೂ ಅನಿಸುವುದಿಲ್ಲ, ತೊಂದರೆ ಅದೇ.

ಶಾಲೆಯಲ್ಲಿ ಪಿ.ಟಿ. ಸರ್ ಓಡಿಸಿದ್ದೂ ಹಾಗೇ. ಸೀಟಿ ಊದಿದರೆ ಓಡಬೇಕು, ಕೊನೆಗೆ ಬಂದವರಿಗೆ ನಗು. ಶಾಲೆ ಬಿಟ್ಟ ಮೇಲೆ ನಾವು ಬಸ್ ಹಿಡಿಯಲು ಬಿಟ್ಟು ಬೇರೆ ಯಾವುದಕ್ಕೂ ಓಡಿಲ್ಲ. ಇಪ್ಪತ್ತೈದು ವರ್ಷದ ನಂತರ ಶೂ ಹಾಕಿದಾಗ ಮೈಗೆ ನೆನಪಾಗುವುದು ಆ ಸೀಟಿಯೇ.

ಇನ್ನು ನಡೆದು ಓಡುವ ವಿಷಯ. ನಡುವೆ ನಡೆದರೆ ಸೋತಂತೆ ಅಂದುಕೊಳ್ಳುತ್ತಾರೆ ಜನ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ, ಓಡು-ನಡೆ-ಓಡು ಅನ್ನುವ ಪದ್ಧತಿಯನ್ನೇ ಜನಪ್ರಿಯ ಮಾಡಿದವರು. ಅವರ ಮಾತಿನ ಜೀವಾಳ ಇಷ್ಟೇ: ಸುಸ್ತಾದ ಮೇಲೆ ನಡೆಯಬೇಡಿ, ಸುಸ್ತಾಗುವ ಮೊದಲೇ ನಡೆಯಿರಿ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನುವವರು ಮಾಡಿದ ‘ಕೌಚ್ ಟು 5ಕೆ’ ಅಂತ ಇನ್ನೊಂದಿದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೂ ಅದನ್ನು ಜನರಿಗೆ ಕೊಡುತ್ತಿದೆ. ಅಲ್ಲಿನ ಮೊದಲನೇ ವಾರ ಹೀಗೆ: ಐದು ನಿಮಿಷ ಚುರುಕು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನ ಬಿಡುವು. ಒಂಬತ್ತು ವಾರಕ್ಕೆ ಐದು ಕಿಲೋಮೀಟರ್ ಅಥವಾ ಅರ್ಧ ಗಂಟೆ ಬಿಡದೆ ಓಡುವ ಹಾಗೆ ಮಾಡಿದ್ದಾರೆ.

ಒಂಬತ್ತು ವಾರ ಅನ್ನುವುದನ್ನು ಮಾತ್ರ ನಾನು ಗಂಭೀರವಾಗಿ ತಗೊಳ್ಳಲಿಲ್ಲ. ನಮ್ಮಂಥವರಿಗೆ ಅದು ಅವಸರವೇ. ಮೂವತ್ತು ಸೆಕೆಂಡ್ ಓಟ, ಎರಡು ನಿಮಿಷ ನಡಿಗೆ ಅಂತ ಶುರು ಮಾಡಿದರೂ ನಡೆಯುತ್ತದೆ. ಅದಕ್ಕೂ ಮೊದಲು ಅರ್ಧ ಗಂಟೆ ನಡೆದರೆ ಮರುದಿನ ಕಾಲು ನೋಯದಂತೆ ಆಗಬೇಕು. ಅಲ್ಲಿಯವರೆಗೆ ಬರೀ ನಡಿಗೆ. ಒಂದು ವಾರದ್ದು ಹಗುರ ಅನಿಸುವವರೆಗೆ ಅದೇ ವಾರವನ್ನು ಮತ್ತೆ ಮಾಡಿ. ಯಾರೂ ಅಂಕ ಕೊಡುವುದಿಲ್ಲ.

ಎಷ್ಟು ನಿಧಾನ ಅಂದರೆ ನಿಧಾನ? ಮಾತಾಡಲು ಆಗಬೇಕು, ಅಷ್ಟೇ. ನಾನು ನನಗೆ ಬಾಯಿಪಾಠ ಬರುವ ವಚನ ಹೇಳಿಕೊಳ್ಳುತ್ತೇನೆ. ಬಸವಣ್ಣನವರ ಜಿಲ್ಲೆಯವಳು, ಒಂದಾದರೂ ಬರದೇ ಇರುತ್ತದಾ? ಒಂದು ಸಾಲು ಮುಗಿಯುವುದರೊಳಗೆ ಉಸಿರು ಕಟ್ಟಿದರೆ ಓಟ ಜೋರಾಯಿತು ಅಂತ ಅರ್ಥ. ಕೈಗಡಿಯಾರದ ನಾಡಿಮಿಡಿತಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಬೀಟಾ ಬ್ಲಾಕರ್ ಅನ್ನುತ್ತಾರಲ್ಲ ಅವು, ನಾಡಿಯನ್ನೇ ಏರಗೊಡುವುದಿಲ್ಲ. ಗಡಿಯಾರ ಎಲ್ಲಾ ಸರಿ ಅನ್ನುತ್ತಿರುತ್ತದೆ, ಉಸಿರು ಬೇರೆ ಹೇಳುತ್ತಿರುತ್ತದೆ.

ಸಲಿಕಿ ಕೊಟ್ಟ ಉಸ್ತಾದ

ಕಟ್ಟೆ ಮೇಲೆ ಕೂರುವವರಲ್ಲಿ ಒಬ್ಬ ಕಾಕಾ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ, ಕಿವಿ ಮುದುಡಿ ಹೂಕೋಸಿನಂತೆ ಆಗಿದೆ. ಕುಸ್ತಿ ಆಡಿದವರ ಗುರುತು ಅದು. ಹರೆಯದಲ್ಲಿ ಜಾತ್ರೆ ಜಾತ್ರೆಗೆ ಹೋಗಿ ಕುಸ್ತಿ ಹಿಡಿದವರು. ಅವರ ಕಾಲದಲ್ಲಿ ನೂರು ಕಿಲೋದ ಪೈಲ್ವಾನ ಬೆಳಗ್ಗೆ ಹೊಲದ ದಾರಿಯಲ್ಲಿ ಓಡಿದರೆ ಯಾರೂ ನಗುತ್ತಿರಲಿಲ್ಲವಂತೆ, ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ. ಅದೇ ತೂಕ. ಆದರೆ ಪೈಲ್ವಾನನ ಮೈಯಲ್ಲಿದ್ದರೆ ಮರ್ಯಾದೆ, ಗುಮಾಸ್ತೆಯ ಮೈಯಲ್ಲಿದ್ದರೆ ನಗೆಪಾಟಲು. ಇದನ್ನು ಯೋಚಿಸುತ್ತಾ ಹೋದರೆ ಬೇರೆ ಬರಹವೇ ಆಗುತ್ತದೆ, ಬಿಡಿ.

ಒಂದು ದಿನ ನಾನು ನಿಧಾನಕ್ಕೆ ಓಡುತ್ತಾ ಕಟ್ಟೆ ದಾಟುವಾಗ, ಹೊಸದಾಗಿ ಬಂದು ಕೂತಿದ್ದ ಒಬ್ಬರು ಕೇಳಿದರು, ‘ಯಾಕ್ರೀ ಮೇಡಂ, ಇದು ಓಡೂದೋ ನಡಿಯೂದೋ?’ ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ನಾನು ಇನ್ನೊಂದು ಸುತ್ತು ಮುಗಿಸಿ ನೀರು ಕುಡಿಯಲು ಬಂದಾಗ ಕರೆದರು.

‘ತಂಗೆವ್ವಾ, ಕುಂದ್ರು ಇಲ್ಲಿ. ನಾ ಗರಡಿ ಮನಿಗೆ ಹ್ವಾದಾಗ ನಮ್ ಉಸ್ತಾದ ಮೊದಲ ಏನ್ ಮಾಡಿಸಿದಾ ಗೊತ್ತೇನು? ಕುಸ್ತಿ ಹಿಡಸ್ಲಿಲ್ಲ. ಕೈಯಾಗ ಸಲಿಕಿ ಕೊಟ್ಟ. ಮಣ್ಣ ಹದಾ ಮಾಡು ಅಂದ. ದಿನಾ ಅದೇ. ಮಣ್ಣ ಅಗಿ, ಎಣ್ಣಿ ಹಾಕು, ಮಜ್ಜಗಿ ಹಾಕು, ಕಲಸು. ಆಮ್ಯಾಲ ನಾಕ್ ಬೈಠಕ್ ಹೊಡದು ಮನಿಗೆ ಹೋಗು. ನನಗ ಸಿಟ್ ಬಂತು. ಕುಸ್ತಿ ಯಾವಾಗ್ರೀ ಅಂದ್ನಿ. ಉಸರು ಲಗೂನ ಸುಧಾರಸ್ತದ ಮಗನ, ಎಲುಬಿಗಿ ನರಕ್ಕ ಟೈಮ್ ಬೇಕು, ಈಗ ಹಿಡದ್ರ ಮನ್ಯಾಗ ಕುಂದ್ರತಿ ಅಂದ.’

ಆಮೇಲೆ ಆ ಹೊಸಬರ ಕಡೆ ತಿರುಗಿ, ‘ನೀವು ಒಂದ್ ಸುತ್ತು ಹಾಕಿ ಬರ್ರಿ, ಆಮ್ಯಾಲ ಕೇಳ್ರಿ’ ಅಂದರು. ಅವರು ಹೋಗಲಿಲ್ಲ ಅನ್ನಿ.

ಆ ಉಸ್ತಾದ ಯಾವ ಪುಸ್ತಕವನ್ನೂ ಓದಿರಲಿಕ್ಕಿಲ್ಲ. ಆದರೆ ಹೇಳಿದ್ದು ಸರಿಯಾಗಿಯೇ ಇದೆ. ಓಡಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ. ಹೃದಯ, ಶ್ವಾಸಕೋಶ, ರಕ್ತ ಎಲ್ಲ ಬೇಗ ಹೊಂದಿಕೊಳ್ಳುತ್ತವೆ. ಎಲುಬು, ಎಲುಬಿಗೆ ಸ್ನಾಯುವನ್ನು ಕಟ್ಟುವ ಸ್ನಾಯುರಜ್ಜು, ಇವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಈ ನಡುವಿನ ಸಮಯವೇ ಅಪಾಯದ್ದು. ‘ಈಗ ಏದುಸಿರೇ ಬರ್ತಿಲ್ಲ, ಇನ್ನೂ ಓಡಬಹುದು’ ಅನಿಸುತ್ತದೆ. ಮೈದಾನದಿಂದ ಜನ ಕಾಣೆಯಾಗುವುದು ಹೆಚ್ಚಾಗಿ ಈ ಹೊತ್ತಿಗೇ. ಮೊದಲನೇ ದಿನ ಅಲ್ಲ, ಮೂರನೇ ವಾರ.

ಕಾಕಾ ಹೇಳಿದ ಬೈಠಕ್‌ಗೂ ಅರ್ಥ ಇದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮಲಗಿ ಸೊಂಟ ಎತ್ತುವುದು. ಇಷ್ಟು ಮಾಡಿದರೂ ಮೀನಖಂಡಕ್ಕೆ, ತೊಡೆಗೆ ಬಲ ಬರುತ್ತದೆ. ನಾನು ಅನ್ನ ಬೇಯುವಾಗ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತೇನೆ. ಮಗಳು ವಿಡಿಯೋ ಮಾಡಿ ಮನೆಯವರ ಗ್ರೂಪಿಗೆ ಹಾಕಿದಳು.

ಹೆಜ್ಜೆಯ ಬಗ್ಗೆ ಒಂದು ಮಾತು. ಜೋರಾಗಿ ಓಡುವವರು ಕಾಲನ್ನು ಉದ್ದಕ್ಕೆ ಚಾಚುತ್ತಾರೆ, ಹಿಮ್ಮಡಿ ಮೈಗಿಂತ ಎಷ್ಟೋ ಮುಂದೆ ಹೋಗಿ ನೆಲಕ್ಕೆ ಬಡಿಯುತ್ತದೆ. ಅದರ ಬದಲು ಸಣ್ಣ ಹೆಜ್ಜೆ ಇಡಿ. ಕಾಲು ಮೈ ಕೆಳಗೇ ಬೀಳಬೇಕು. ಅದೇ ವೇಗದಲ್ಲಿ ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು ನೂರಕ್ಕೆ ಐದರಿಂದ ಹತ್ತರಷ್ಟು ಜಾಸ್ತಿ ಮಾಡಿದರೆ ಮೊಣಕಾಲಿನ ಮೇಲಿನ ಹೊರೆ ಕಡಿಮೆ ಆಗುತ್ತದೆ ಅಂತ 2011ರ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ಸದ್ದು ಕೇಳಿಸಿಕೊಳ್ಳಿ. ಧಪ್ ಧಪ್ ಅಂತ ಬಂದರೆ ಹೆಜ್ಜೆ ಉದ್ದ ಆಯಿತು.

ಬಟ್ಟೆ, ತೊಡೆ, ಮತ್ತು ಯಾರೂ ಬರೆಯದ ಸಂಗತಿಗಳು

ಓಟದ ಬಗ್ಗೆ ಬರೆಯುವವರು ಶೂ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ತೊಡೆ ಬಗ್ಗೆ ಬರೆಯುವುದಿಲ್ಲ. ಅವರ ತೊಡೆಗಳು ಒಂದಕ್ಕೊಂದು ತಾಗುವುದಿಲ್ಲ ಅಂತ ಕಾಣುತ್ತದೆ. ನಮ್ಮದು ತಾಗುತ್ತವೆ, ಉಜ್ಜುತ್ತವೆ, ಬೆವರಿನ ಉಪ್ಪು ಸೇರಿ ಉರಿಯುತ್ತವೆ. ಮನೆಗೆ ಬಂದು ಸ್ನಾನದ ಬಿಸಿನೀರು ಬಿದ್ದಾಗ ಗೊತ್ತಾಗುತ್ತದೆ ಅದರ ಮಜಾ. ಎಷ್ಟೋ ಜನ ಓಟ ಬಿಡುವುದು ಮೊಣಕಾಲಿಗಲ್ಲ, ಇದಕ್ಕೇ. ಹೇಳಲು ಸಂಕೋಚ, ಹಾಗಾಗಿ ಮೊಣಕಾಲಿನ ಮೇಲೆ ಹಾಕುತ್ತಾರೆ. ಓಡುವ ಮೊದಲು ಒಳತೊಡೆಗೆ, ಕಂಕುಳಿಗೆ, ಬ್ರಾ ಪಟ್ಟಿ ಕೂರುವ ಜಾಗಕ್ಕೆ ವ್ಯಾಸಲೀನ್ ಹಚ್ಚಿ. ಮೊಣಕಾಲವರೆಗೆ ಬರುವ ಬಿಗಿ ಶಾರ್ಟ್ಸ್ ಹಾಕಿ, ಅದರ ಮೇಲೆ ಬೇಕಾದರೆ ಸಡಿಲ ಪ್ಯಾಂಟು ಹಾಕಿಕೊಳ್ಳಿ. ಹತ್ತಿ ಬಟ್ಟೆ ಒಳ್ಳೆಯದು ಅಂತ ನಮ್ಮವ್ವ ಹೇಳಿಕೊಟ್ಟಿದ್ದು, ಬೇರೆ ಎಲ್ಲದಕ್ಕೂ ನಿಜ. ಓಟಕ್ಕೆ ಅಲ್ಲ. ಹತ್ತಿ ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟಿ ಉಜ್ಜುತ್ತದೆ.

ಹೆಂಗಸರಿಗೆ ಇನ್ನೊಂದು. ಒಳ್ಳೆ ಸ್ಪೋರ್ಟ್ಸ್ ಬ್ರಾ ಶೂಗಿಂತ ಮೊದಲು ಬೇಕು. ಎದೆ ಕುಣಿಯುವುದು ನೋವಿನ ವಿಷಯ, ನಾಚಿಕೆಯದು ಆಮೇಲೆ. ನಾನು ನೋಡಿದ್ದೇನೆ, ದುಪಟ್ಟಾವನ್ನು ಎದೆಗೆ ಬಿಗಿದು ಸೊಂಟಕ್ಕೆ ಸುತ್ತಿ, ಒಂದು ಕೈಯಲ್ಲಿ ಅದನ್ನು ಹಿಡಿದು ಓಡುವವರನ್ನು. ಒಂದು ಕೈ ಕಟ್ಟಿದ ಹಾಗಿದ್ದರೆ ಮೈ ಒಂದು ಕಡೆಗೆ ವಾಲುತ್ತದೆ, ಸೊಂಟ ನೋಯುತ್ತದೆ. ಇಲ್ಲೂ ನೋಡುವವರ ಕಣ್ಣೇ ಓಡುವವರ ಮೈಯನ್ನು ಡೊಂಕು ಮಾಡುತ್ತಿದೆ, ಅಲ್ವಾ?

ಶೂ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಓಡಲು ಅಂತಲೇ ಮಾಡಿದ ಶೂ ಬೇಕು, ಬ್ಯಾಡ್ಮಿಂಟನ್‌ದು ಅಲ್ಲ, ಮಗನ ಹಳೇದೂ ಅಲ್ಲ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ, ನಾಚಿಕೆ ಬೇಡ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತವೆ ಅನ್ನುತ್ತಾರೆ. ಭಾರದವರು ಕಡಿಮೆ ಲೆಕ್ಕವನ್ನೇ ಹಿಡಿಯುವುದು ಒಳ್ಳೆಯದು. ತುಟ್ಟಿ ಶೂ ಇದ್ದರೆ ಮೊಣಕಾಲು ಉಳಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಆದರೆ ಪಾದಕ್ಕೆ ಆರಾಮ ಅನಿಸಿದ್ದೇ ಒಳ್ಳೆ ಶೂ.

ಬಿಸಿಲು, ಎರೆ ಮಣ್ಣು, ನಾಯಿ

ನಮ್ಮೂರಲ್ಲಿ ಓಡಬೇಕು ಅಂದರೆ ಬಿಸಿಲನ್ನು ಕೇಳಿ ಓಡಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುತ್ತದೆ, ಏಳು ಗಂಟೆಗೇ ಚುರುಗುಟ್ಟುತ್ತದೆ. ಸಂಜೆ ಓಡೋಣ ಅಂದರೆ ಡಾಂಬರು ರಸ್ತೆ ಹಗಲಿಡೀ ಕುಡಿದ ಬಿಸಿಯನ್ನು ಕಕ್ಕುತ್ತಿರುತ್ತದೆ. ದಪ್ಪ ಮೈಗೆ ಶಾಖ ಹೊರಹಾಕುವುದು ಕಷ್ಟ. ಮೈ ದೊಡ್ಡದಿದ್ದರೆ ಅದೇ ದೂರಕ್ಕೆ ಹುಟ್ಟುವ ಶಾಖವೂ ಜಾಸ್ತಿ, ಚರ್ಮದ ಕೆಳಗಿನ ಕೊಬ್ಬು ಅದನ್ನು ತಡೆದು ಹಿಡಿಯುವುದೂ ಜಾಸ್ತಿ. ಬೇಸಿಗೆಯಲ್ಲಿ ನಾನು ಓಟವನ್ನು ಅರ್ಧಕ್ಕೆ ಇಳಿಸುತ್ತೇನೆ, ಕೆಲವು ದಿನ ಬರೀ ನಡಿಗೆ. ಹಿಂದಿನ ರಾತ್ರಿಯೇ ನೀರು ಕುಡಿದಿರಬೇಕು. ತಲೆ ಸುತ್ತಿದರೆ, ಬೆವರುತ್ತಿದ್ದಾಗಲೂ ಚಳಿ ಅನಿಸಿದರೆ, ವಾಕರಿಕೆ ಬಂದರೆ ಅಲ್ಲೇ ನೆರಳಿಗೆ ಹೋಗಿ ಕೂತುಬಿಡಿ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಿಪಿ ಇದ್ದು ಡಾಕ್ಟರು ಉಪ್ಪು ಬೇಡ ಅಂದಿದ್ದರೆ ಅವರ ಮಾತೇ ನಡೆಯಲಿ.

ಮಳೆಗಾಲದಲ್ಲಿ ಎರೆ ಮಣ್ಣು. ಇದನ್ನು ನಮ್ಮವರಿಗೆ ವಿವರಿಸಬೇಕಿಲ್ಲ. ಒಂದೊಂದು ಶೂಗೆ ಅರ್ಧ ಕಿಲೋ ಅಂಟುತ್ತದೆ, ಕಾಲು ಜಾರಿ ಹರಡು ತಿರುಚುತ್ತದೆ. ಆಗ ಊರೊಳಗಿನ ರಸ್ತೆಯೇ ಗತಿ. ಹದವಾಗಿ ಒಣಗಿದ ಮಣ್ಣು ಪಾದಕ್ಕೆ ಒಳ್ಳೆಯದು, ಕಾಂಕ್ರೀಟಿಗಿಂತ ಡಾಂಬರು ವಾಸಿ. ರಸ್ತೆಯ ಅಂಚು ಇಳಿಜಾರಿರುತ್ತದೆ, ದಿನಾ ಒಂದೇ ಅಂಚಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ. ಭಾನುವಾರ ಭೂತನಾಳ ಕೆರೆ ಕಡೆ ಹೋದರೆ ಗಾಳಿ ಚೆನ್ನಾಗಿರುತ್ತದೆ, ನೋಡುವವರೂ ಕಡಿಮೆ.

ನಾಯಿ ಬೆನ್ನು ಹತ್ತಿದರೆ ಓಡಬೇಡಿ, ನಿಲ್ಲಿ, ಆಮೇಲೆ ನಡೆಯಿರಿ. ನಮ್ಮ ವೇಗಕ್ಕೆ ನಾಯಿಯೂ ಅಷ್ಟಾಗಿ ಆಸಕ್ತಿ ತೋರಿಸುವುದಿಲ್ಲ, ಅದೊಂದು ಲಾಭ.

ಯಾವ ನೋವು ಕೇಳಬೇಕು

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಕಳೆದ ಜನವರಿಯಲ್ಲಿ ಮೈದಾನಕ್ಕೆ ಬಂದಳು. ನನಗಿಂತ ಐದಾರು ವರ್ಷ ಚಿಕ್ಕವಳು, ನನ್ನಷ್ಟೇ ಮೈ. ನನ್ನ ಜೊತೆ ಓಡು ಅಂದರೆ, ‘ನಿಮ್ ಸ್ಪೀಡಿಗೆ ಓಡಿದ್ರ ಜನಾ ಏನಂತಾರ್ರೀ ಅಕ್ಕಾರ’ ಅಂತ ನಕ್ಕು ಮುಂದೆ ಹೋದಳು. ಆಮೇಲೆ ಒಂದು ದಿನ ಆಫೀಸಿನ ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುತ್ತಿದ್ದಳು. ಮೊಣಕಾಲ ಕೆಳಗಿನ ಎಲುಬಿನ ಒಳಮಗ್ಗುಲಲ್ಲಿ ನೋವು. ನಾನು ಕೇಳಿದೆ, ಇಡೀ ಎಲುಬಿನುದ್ದಕ್ಕೂ ಇದೆಯಾ, ಒಂದೇ ಬಿಂದುವಿನಲ್ಲಿ ಇದೆಯಾ? ಉದ್ದಕ್ಕೂ ಹರಡಿದ ನೋವು ಹೆಚ್ಚಾಗಿ ವಿಶ್ರಾಂತಿಗೆ ಇಳಿಯುತ್ತದೆ. ಬೆರಳ ತುದಿಯಲ್ಲಿ ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚಿದಂತೆ ಆದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು, ಡಾಕ್ಟರಿಗೆ ತೋರಿಸಲೇಬೇಕು. ಅವಳದು ಪುಣ್ಯಕ್ಕೆ ಮೊದಲನೇ ಥರದ್ದು. ಕೆಲವು ವಾರ ಓಟ ಬಿಟ್ಟು ನಡೆದಳು. ಈಗ ನನ್ನ ಜೊತೆಯೇ ಬರುತ್ತಾಳೆ. ಇಬ್ಬರೂ ಓಡುತ್ತಾ ಆಫೀಸಿನ ಚಾಡಿ ಹೇಳುತ್ತೇವೆ. ವಚನಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಸ್ನಾಯು ಬಿಗಿತ ಎರಡು ದಿನದಲ್ಲಿ ಹೋಗುತ್ತದೆ, ಅದಕ್ಕೆ ಹೆದರಬೇಡಿ. ನಡಿಗೆಯನ್ನೇ ಕುಂಟಿಸುವ ನೋವು, ಓಡುತ್ತಾ ಓಡುತ್ತಾ ಜಾಸ್ತಿಯಾಗುವ ನೋವು, ಊದಿಕೊಂಡ ಕೀಲು, ಇವಕ್ಕೆ ನಿಲ್ಲಬೇಕು. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಮನೆಯಲ್ಲಿ ಬರಿಗಾಲಲ್ಲಿ ಫರಸಿ ಮೇಲೆ ಓಡಾಡುವುದನ್ನು ಬಿಡಿ. ಎದೆ ಹಿಡಿದಂತೆ ಆದರೆ, ನೋವು ತೋಳಿಗೆ, ದವಡೆಗೆ ಇಳಿದರೆ, ಕಣ್ಣು ಕತ್ತಲೆ ಬಂದರೆ ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ. ನೇರ ಆಸ್ಪತ್ರೆ.

ಶುರು ಮಾಡುವ ಮೊದಲೇ ಒಮ್ಮೆ ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು. ಬಿಪಿ, ಶುಗರ್, ಬೇಕಾದರೆ ಇಸಿಜಿ. ಶುಗರ್ ಇರುವವರು ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತಗೊಳ್ಳುತ್ತಿದ್ದರೆ ಓಟದಲ್ಲಿ ಸಕ್ಕರೆ ಇಳಿದುಬಿಡಬಹುದು. ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಳ್ಳಿ. ಬಂದ ಮೇಲೆ ಪಾದ ನೋಡಿಕೊಳ್ಳಿ, ಬೊಬ್ಬೆ ಎದ್ದಿದ್ದೂ ಅವರಿಗೆ ಗೊತ್ತಾಗದೇ ಇರಬಹುದು.

ರೊಟ್ಟಿ ಲೆಕ್ಕ

ಎಲ್ಲರೂ ಕೇಳುವುದು ಇದನ್ನೇ, ‘ಎಷ್ಟ್ ಕಿಲೋ ಇಳಿದ್ರಿ?’ ಓಟದಲ್ಲಿ ಹೆಚ್ಚುಕಡಿಮೆ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಒಂದು ಕ್ಯಾಲೊರಿ ಖರ್ಚು. 90 ಕಿಲೋದವರು ಮೂರು ಕಿಲೋಮೀಟರ್ ಓಡಿದರೆ ಸುಮಾರು 270. ಬರುವ ದಾರಿಯಲ್ಲಿ ಬಂಡಿ ಹತ್ತಿರ ನಿಂತು ಒಂದು ಪ್ಲೇಟ್ ಮಿರ್ಚಿ ಭಜಿ, ಮೇಲೊಂದು ಚಹಾ ಹಾಕಿದರೆ ಲೆಕ್ಕ ಚುಕ್ತಾ. ಓಡಿ ತೂಕ ಇಳಿಸುತ್ತೇನೆ ಅಂತ ಹೊರಟವರು ತಕ್ಕಡಿ ನೋಡಿ ಬೇಜಾರಾಗುತ್ತಾರೆ. ಬೇಜಾರಾದವರು ಮತ್ತೆ ಜೋರಾಗಿ ಓಡುತ್ತಾರೆ. ತಕ್ಕಡಿಯೂ ಒಂಥರಾ ಕಟ್ಟೆಯೇ, ಮೇಲೆ ಹತ್ತಿದ ಕೂಡಲೇ ಅವಸರ ಮಾಡಿಸುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಸೊಪ್ಪು, ನಮ್ಮ ಊಟ ಕೆಟ್ಟದ್ದೇನಲ್ಲ. ಸಂಜೆಯ ಕರಿದಿದ್ದು, ಚಹಾದ ಸಕ್ಕರೆ ಇವನ್ನು ನೋಡಿಕೊಂಡರೆ ಬಹಳ ಆಯಿತು. ನನ್ನದು ಇಳಿದಿದೆ, ಓಣಿಯವರು ಗಮನಿಸುವಷ್ಟೇನೂ ಅಲ್ಲ. ಮೂರನೇ ಮಹಡಿಯ ಆಫೀಸಿಗೆ ಮೆಟ್ಟಿಲು ಹತ್ತಿ ಹೋಗಿ ತಕ್ಷಣ ಫೋನ್ ಎತ್ತಿ ಮಾತಾಡಬಲ್ಲೆ, ಮೊದಲು ಆಗುತ್ತಿರಲಿಲ್ಲ.

ನಮ್ಮೂರಲ್ಲೇ ವೃಕ್ಷೋಥಾನ್ ಹೆರಿಟೇಜ್ ರನ್ ಅಂತ ಡಿಸೆಂಬರ್ ಸುಮಾರಿಗೆ ನಡೆಯುತ್ತದೆ. ಅದರಲ್ಲಿ ಐದು ಕಿಲೋಮೀಟರಿನದೂ ಇದೆ. ಆಫೀಸಿನವಳು ಇಬ್ಬರ ಹೆಸರನ್ನೂ ಕೊಡೋಣ ಅನ್ನುತ್ತಿದ್ದಾಳೆ. ನಾನು ಒಪ್ಪಿದ್ದು ಒಂದೇ ಷರತ್ತಿಗೆ. ಮೊದಲನೇ ನಿಮಿಷದಿಂದಲೇ ಓಡು-ನಡೆ, ಎಲ್ಲರೂ ಮುಂದೆ ಹೋದರೂ ಸರಿ. ಅಷ್ಟು ಜನ, ಡೊಳ್ಳು, ಮೈಕು, ಮೊಬೈಲ್ ಕ್ಯಾಮೆರಾ ಇದ್ದಾಗ ಅವಳು ಮಾತು ಉಳಿಸಿಕೊಳ್ಳುತ್ತಾಳೋ ಇಲ್ಲವೋ ನನಗೆ ಅನುಮಾನ. ನನ್ನ ಬಗ್ಗೆಯೂ ಪೂರ್ತಿ ನಂಬಿಕೆ ಇಲ್ಲ.

ಮೊನ್ನೆ ಬಾಗಲಕೋಟೆಯಿಂದ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ನವನಗರದಲ್ಲಿ ಇರುತ್ತಾಳೆ, ಅಲ್ಲಿ ರಸ್ತೆಗಳು ಅಗಲ, ಬೆಳಗ್ಗೆ ಖಾಲಿ, ಓಡಲು ಹೇಳಿ ಮಾಡಿಸಿದಂಥ ಜಾಗ.

‘ಅಕ್ಕಾ, ನಾನೂ ಶುರು ಮಾಡ್ಬೇಕಂತೀನಿ. ಯಾವ ಶೂ ತಗೊಳ್ಳಿ?’

‘ಈಗ ಇದ್ದದ್ರಾಗ ನಡಿ. ಮೂರ್ ವಾರ ದಿನಾ ಅರ್ಧ ತಾಸು.’

‘ಬರೇ ನಡಿಯೂದಾ? ಅದನ್ನೇನ್ ಹೇಳ್ತಿ, ನಮ್ಮ ಅತ್ತಿನೂ ಮಾಡ್ತಾರ.’

‘ಹಂಗಾದ್ರ ಅತ್ತಿ ಜೋಡಿ ಹೋಗು. ಮತ್ತ ವ್ಯಾಸಲೀನ್ ಡಬ್ಬಿ ದೊಡ್ಡದು ತರಸು.’

‘ವ್ಯಾಸಲೀನ್ ಯಾತಕ್ಕ?’

‘ಎಳ್ಳ ಅಮಾಸಿಗೆ ಬರ್ತಿಯಲ್ಲ, ಆವಾಗ ಹೇಳ್ತೀನಿ. ಫೋನಿನ್ಯಾಗ ನಿನ್ನ ಗಂಡ ಕೇಳಕೋತ ಕುಂತಾನ.’